ಸಂತೋಷಕೂಟಕ್ಕೆ ಪಾಶ್ಚಾತ್ಯ ಉಡುಪು

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಅದು ಪರೀಕ್ಷೆಯ ಫಲಿತಾಂಶವನ್ನೋ ಶಿಸ್ತಿನ ಮಹತ್ವವನ್ನೋ ಕುರಿತದ್ದಾಗಿರಬೇಕೆಂದು ವಾಚಕರು ಎಣಿಸುವುದು ಸಹಜವೇ. ಈ ಸಲ ನಾವು ಗೌನನ್ನು ಕುರಿತು ಬರೆಯಲು ಕುಳಿತಿದ್ದೇವೆ. ಇದನ್ನು ಕಂಡು ಕೆಲವರು ನಗಬಹುದು. ಕೆಲವರು ಹುಬ್ಬು ಗಂಟಿಕ್ಕಲೂಬಹುದು. ಆದರೆ ಕಾರಣವನ್ನು ಕೇಳಿದ ಬಳಿಕ ವಿಷಯವು ಅಲ್ಪವಾದುದಲ್ಲವೆಂದು ಅವರೂ ಒಪ್ಪುವರೆಂಬ ನಂಬಿಕೆ ನಮಗುಂಟು.

ಹೋದ ವರ್ಷ ಹತ್ತನೆಯ ತರಗತಿಯ ಹುಡುಗಿಯರಿಗೆ ಬೀಳ್ಕೊಡುಗೆಯ ಸಂತೋಷಕೂಟವನ್ನು ಏರ್ಪಡಿಸಿದಾಗ, ಮಕ್ಕಳ ಕೋರಿಕೆಯ ಮೇರೆಗೆ, ಎಲ್ಲರೂ ಪಾಶ್ಚಾತ್ಯ ಉಡುಪಿನಲ್ಲಿ ಬರತಕ್ಕದ್ದೆಂದು ಸೂಚನಾಫಲಕದಲ್ಲಿ ಬರೆಸಿದೆವು. ಆ ಒಂದು ಸಾಲಿನ ಕೆಳಗೆ ರುಜು ಹಾಕಿದವರು ನಾವೇ. ಕೂಟದ ದಿನ ಒಬ್ಬ ಹುಡುಗಿ ಬರಲಿಲ್ಲ. ಮೂರು ವರ್ಷಗಳಲ್ಲಿ ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ಭಾವಿಸಿದೆವು. ಮರುದಿನ ಹತ್ತಿರ ಕರೆದು ವಿಚಾರಿಸಲಾಗಿ ಬಹಳ ಹೊತ್ತು ಸುಮ್ಮನೆ ನಿಂತಿದ್ದು ಕಡೆಗೆ ಬಾಯಿಬಿಟ್ಟಳು. ತಂದೆಯವರು ಕೈಗಡ ಮಾಡಿ ಗೌನೊಂದನ್ನು ತರಿಸಿಕೊಟ್ಟಿದ್ದರಂತೆ. ಅದು ಭುಜದಿಂದ ಜಾರುತ್ತಿತ್ತು, ನೆಲ ಗುಡಿಸುತ್ತಿತ್ತು. "ಹಾಕಿಕೊಂಡು ಬಂದರೂ ನಗುತ್ತಾರೆ, ಹಾಕಿಕೊಳ್ಳದೆ ಬಂದರೂ ನಗುತ್ತಾರೆ ಅಂತ ಮನೆಯಲ್ಲೇ ಇದ್ದುಬಿಟ್ಟೆ, ಟೀಚರ್" ಎಂದಳು.

ಶಾಲೆಯ ಕಡೆಯ ಸಂತೋಷಕೂಟವು ಮತ್ತೊಮ್ಮೆ ಬರುವಂಥದಲ್ಲ. ಇಂಥ ಉಡುಪೇ ಬೇಕೆಂದು ಗೊತ್ತುಮಾಡಿದ ನಾವು, ಅದನ್ನು ಹೊಂದಿಸಿಕೊಳ್ಳುವ ಬಗೆಯನ್ನು ಮಾತ್ರ ಒಬ್ಬರಿಗೂ ಹೇಳಿಕೊಟ್ಟಿರಲಿಲ್ಲ. ಪಾಠ ಮಾಡದೆ ಪರೀಕ್ಷೆ ಇಟ್ಟ ಉಪಾಧ್ಯಾಯಿನಿಯ ತಪ್ಪಿಗಿಂತ ನಮ್ಮದು ಕಡಿಮೆಯದೆಂದು ಹೇಳಲಾರೆವು. ಆ ಪಾಠವನ್ನು ತಡವಾಗಿಯಾದರೂ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಪಾಶ್ಚಾತ್ಯ ಉಡುಪಿನ ಸ್ವಭಾವವನ್ನು ತಿಳಿಯೋಣ. ನಮ್ಮ ಸೀರೆಯು ಕತ್ತರಿ ಕಾಣದ ಬಟ್ಟೆ. ಸುಮಾರು ಐದೂವರೆ ಮೀಟರಿನ ಆ ಬಟ್ಟೆಗೆ ಉಡುವವಳೇ ದಿನದಿನವೂ ಆಕಾರ ಕೊಡುತ್ತಾಳೆ. ಮೈ ಇಳಿದರೆ ನೆರಿಗೆ ಒಂದು ಹೆಚ್ಚುವುದು. ಮೈ ತುಂಬಿದರೆ ಒಂದು ಕಡಿಮೆಯಾಗುವುದು. ತಾಯಿಯ ಸೀರೆಯನ್ನು ಮಗಳು ಉಡಬಹುದು, ಮಗಳದನ್ನು ಸೊಸೆ ಉಡಬಹುದು. ಗೌನಿನ ರೀತಿ ಬೇರೆ. ಬಟ್ಟೆಯನ್ನು ಮೊದಲೇ ತುಂಡುಗಳಾಗಿ ಕತ್ತರಿಸಿ, ಮೈಯ ಉಬ್ಬುತಗ್ಗುಗಳಿಗೆ ಸರಿಹೋಗುವಂತೆ ಅಲ್ಲಲ್ಲಿ ಚಿವುಟಿ ಹೊಲಿದು ಜೋಡಿಸಿರುತ್ತಾರೆ. ಈ ಚಿವುಟು ಹೊಲಿಗೆಗಳನ್ನೇ ದರ್ಜಿಗಳು ಡಾರ್ಟು ಎನ್ನುವರು. ಹೀಗೆ ಆಕಾರವು ಹೊಲಿಗೆಯೊಳಗೇ ಸೇರಿಹೋಗಿರುವುದರಿಂದ, ಗೌನು ಯಾರ ಅಳತೆಗೆ ಹೊಲಿದದ್ದೋ ಅವರಿಗೇ ಒಪ್ಪುತ್ತದೆ. ಈ ಭೇದವೊಂದನ್ನು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭ. ಪಾಶ್ಚಾತ್ಯ ಉಡುಪಿನ ಅಂದವು ಅಳತೆಯಲ್ಲಿದೆ. ಬೆಲೆಗೆ ಅಲ್ಲಿ ಎರಡನೆಯ ಸ್ಥಾನ, ಹೊಸತನಕ್ಕೆ ಮೂರನೆಯದು.

ಪಾಶ್ಚಾತ್ಯ ಉಡುಪು ನಮಗೆ ಸಲ್ಲದೆಂಬ ಆಕ್ಷೇಪವನ್ನೂ ಆಗಾಗ ಕೇಳುತ್ತೇವೆ. ಆಕ್ಷೇಪಿಸುವ ತಾಯಂದಿರು ತಮ್ಮ ಸೀರೆಯ ಜೊತೆಗೆ ತೊಟ್ಟಿರುವ ರವಿಕೆಯನ್ನೂ ಒಳಲಂಗವನ್ನೂ ಒಮ್ಮೆ ನೋಡಿಕೊಳ್ಳಲಿ. ಕುಪ್ಪಸವು ನಮ್ಮ ನಾಡಿಗೆ ಹಳೆಯದೇ ಆದರೂ, ಡಾರ್ಟು ಹಿಡಿದು ತೋಳು ಕೂಡಿಸಿದ ಈಗಿನ ರವಿಕೆಯ ಕತ್ತರಿಕೆಯೂ ಸೀರೆಯೊಳಗಿನ ಲಂಗವೂ ಪಶ್ಚಿಮದಿಂದ ಬಹಳಷ್ಟನ್ನು ಪಡೆದಿವೆ. ಕಲ್ಕತ್ತೆಯ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿಯವರು 1860ರ ದಶಕದಲ್ಲಿ ಪತಿಯೊಡನೆ ಮುಂಬಯಿಗೆ ಹೋಗಿ, ಅಲ್ಲಿಯ ಪಾರ್ಸಿ ಹೆಂಗಸರ ಕ್ರಮವನ್ನು ಕಂಡು, ಸೀರೆಯೊಡನೆ ಜಾಕೀಟನ್ನೂ ಒಳಲಂಗವನ್ನೂ ಧರಿಸುವ ರೀತಿಯನ್ನು ಬಂಗಾಳದಲ್ಲಿ ರೂಢಿಗೆ ತಂದರು. ದಕ್ಷಿಣ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಬಟ್ಟೆಗಾಗಿ ದಶಕಗಳ ಕಾಲ ಪೆಟ್ಟು ತಿಂದರು. 1859ರಲ್ಲಿ ಅರಸರ ಘೋಷಣೆ ಹೊರಟು ಅವರಿಗೆ ಕುಪ್ಪಸ ತೊಡುವ ಅಪ್ಪಣೆಯಾಯಿತು. ಆದರೂ ಮೇಲ್ಜಾತಿಯ ಹೆಂಗಸರಂತೆ ಉಡಕೂಡದೆಂಬ ಕಟ್ಟು ಉಳಿಯಿತು. ಹೊಲಿದ ಒಂದು ತುಂಡು ಬಟ್ಟೆಯಲ್ಲಿ ಮನುಷ್ಯರ ಮಾನವು ಎಷ್ಟರಮಟ್ಟಿಗೆ ಅಡಗಿರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಕರಾವಳಿಯ ಕಥೆಯೂ ಉಂಟು. ಬಾಸೆಲ್ ಮಿಷನಿನ ಜೋಹಾನ್ ಹಾಲರ್ ಎಂಬ ನೇಕಾರರು 1851ರಲ್ಲಿ ಮಂಗಳೂರಿಗೆ ಬಂದು ಯೂರೋಪಿನ ಮಾದರಿಯ ಮಗ್ಗಗಳನ್ನು ನಡೆಯಿಸತೊಡಗಿದರು. ಅದೇ ವರ್ಷ ಅಮೆರಿಕದಲ್ಲಿ ಐಸಾಕ್ ಸಿಂಗರ್ ತಮ್ಮ ಹೊಲಿಗೆ ಯಂತ್ರಕ್ಕೆ ಪೇಟೆಂಟು ಪಡೆದರು. 1863ರಲ್ಲಿ ಅಮೆರಿಕದವರೇ ಆದ ಎಬೆನೀಜರ್ ಬಟರಿಕ್ ಎಂಬ ದರ್ಜಿ, ಬೇರೆ ಬೇರೆ ಅಳತೆಗಳ ಕಾಗದದ ನಮೂನೆಗಳನ್ನು ಮಾರಲಾರಂಭಿಸಿದರು. ಮಗ್ಗ, ಯಂತ್ರ, ನಮೂನೆ ಈ ಮೂರೂ ಕೂಡಿದ ಮೇಲೆ, ಸಿರಿವಂತರಿಗಷ್ಟೇ ಎಟುಕುತ್ತಿದ್ದ ಗೌನು ಸಾಮಾನ್ಯರ ಮನೆಯ ಅಡುಗೆಕೋಣೆಯ ಮೇಜಿನ ಮೇಲೂ ಹುಟ್ಟುವಂತಾಯಿತು. ನಾವು ಚಿಕ್ಕವರಾಗಿದ್ದಾಗ ನಮ್ಮ ತಾಯಿಯವರು ಕ್ರಿಸ್ಮಸಿಗೆ ಒಂದೇ ಥಾನಿನ ಬಟ್ಟೆ ತಂದು ಅಕ್ಕತಂಗಿಯರು ಮೂವರಿಗೂ ಫ್ರಾಕು ಹೊಲಿಯುತ್ತಿದ್ದರು. ಪ್ರತಿಯೊಂದರ ಕೆಳಭಾಗದಲ್ಲಿ ಎರಡೆರಡು ಮಡಿಕೆಗಳಿರುತ್ತಿದ್ದವು. ನಾವು ಬೆಳೆದಂತೆ ವರ್ಷಕ್ಕೊಂದು ಮಡಿಕೆಯನ್ನು ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಬಣ್ಣ ಕಡುಗಪ್ಪಾಗಿ ಗೆರೆಯೊಂದು ಕಾಣುತ್ತಿತ್ತು; ಅದರ ಮೇಲೆ ಲೇಸು ಹೊಲಿದು ಮರೆಮಾಡುತ್ತಿದ್ದರು. ಆ ಫ್ರಾಕುಗಳಲ್ಲಿ ನಾವು ಬಡವರಾಗಿ ಕಂಡೆವೆಂದು ನಮಗೆ ಒಂದು ದಿನವೂ ಅನಿಸಿದ್ದಿಲ್ಲ.

ಇನ್ನು ಆಯ್ಕೆಯ ವಿಚಾರ. ಬಟ್ಟೆಗಿಂತ ಮುಂಚೆ ಕೂಟವನ್ನು ವಿಚಾರಿಸಬೇಕು. ಅದು ಹಗಲಿನದೋ ಸಂಜೆಯದೋ? ಕುರ್ಚಿಯ ಮೇಲೆ ಕೂರುವುದೋ ಜಮಖಾನೆಯ ಮೇಲೋ? ಆಟವಿದೆಯೋ, ನೃತ್ಯವಿದೆಯೋ? ಮನೆಗೆ ಹಿಂದಿರುಗುವುದು ಬಸ್ಸಿನಲ್ಲೋ ತಂದೆಯವರ ಸ್ಕೂಟರಿನ ಹಿಂದೋ? ಸ್ಕೂಟರಿನಲ್ಲಿ ಹೋಗುವವಳಿಗೆ ನೆಲ ಮುಟ್ಟುವ ಗೌನು ಅಂದಕ್ಕೂ ಹೊಂದದು, ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಮೊಣಕಾಲಿನಿಂದ ಒಂದು ಗೇಣು ಕೆಳಗಿರುವ ಉದ್ದವು ಬಹುಪಾಲು ಹುಡುಗಿಯರಿಗೆ ಎಲ್ಲ ಕೂಟಗಳಲ್ಲಿಯೂ ನಡೆಯುತ್ತದೆ.

ಆಕಾರಗಳು ಹಲವಿದ್ದರೂ ನಾಲ್ಕನ್ನು ತಿಳಿದುಕೊಂಡರೆ ಸಾಕು. ಒಂದನೆಯದು ಸೊಂಟ ಬಿಗಿದು ಕೆಳಗೆ ಅರಳುವ ಗೌನು. 1947ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಇದನ್ನು ಗಜಗಟ್ಟಲೆ ಬಟ್ಟೆಯಲ್ಲಿ ಮೆರೆಯಿಸಿದರು. ತೆಳ್ಳಗಿನ ಹುಡುಗಿಗೂ ಮೈ ತುಂಬಿದ ಹುಡುಗಿಗೂ ಸಮನಾಗಿ ಒಪ್ಪುವುದು ಇದರ ಗುಣ. ಎರಡನೆಯದು ಭುಜದಿಂದ ಕೆಳಕ್ಕೆ ಸ್ವಲ್ಪಸ್ವಲ್ಪವೇ ಅಗಲವಾಗುತ್ತ ಇಳಿಯುವ ಎ ಅಕ್ಷರದ ಆಕಾರ. ಸೊಂಟವನ್ನು ಎತ್ತಿ ತೋರಿಸಲು ಇಷ್ಟವಿಲ್ಲದವರಿಗೆ ಇದೇ ನೆಮ್ಮದಿ. ಮೂರನೆಯದು ಸೊಂಟದಲ್ಲಿ ಅಡ್ಡ ಹೊಲಿಗೆಯೇ ಇಲ್ಲದೆ ಮೇಲಿನಿಂದ ಕೆಳಗಿನವರೆಗೆ ಉದ್ದ ಹೊಲಿಗೆಗಳಿರುವುದು. ಇದನ್ನು ಪ್ರಿನ್ಸೆಸ್ ಕಟ್ ಎನ್ನುವರು, ಗಿಡ್ಡಗಿರುವವರನ್ನು ತುಸು ಎತ್ತರವಾಗಿ ತೋರಿಸುತ್ತದೆ. ನಾಲ್ಕನೆಯದು ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಗೌನು. ನಮ್ಮ ದರ್ಜಿಗಳ ಮಾತಿನಲ್ಲಿ ಕ್ರಾಸ್ ಕಟಿಂಗ್. 1920ರ ದಶಕದಲ್ಲಿ ಪ್ಯಾರಿಸಿನ ಮ್ಯಾಡ್ಲೀನ್ ವಿಯೊನ್ನೆ ಎಂಬ ಮಹಿಳೆ ಇದರಲ್ಲಿ ಹೆಸರಾದರು. ಓರೆ ಬಟ್ಟೆಯು ಎಳೆದಂತೆ ಹಿಗ್ಗಿ ಮೈಗೆ ಹರಿಯುತ್ತದೆ. ಆದರೆ ಬಟ್ಟೆ ಹೆಚ್ಚು ಬೇಕು, ಕೈಯೂ ಪಳಗಿರಬೇಕು. ಮೊದಲ ಗೌನಿಗೆ ಇದನ್ನು ನಾವು ಹೇಳೆವು. ಹೇಗೂ ಹೊಲಿಸುವುದಾದರೆ, ಹೊಲಿದ ಗೌನನ್ನು ಒಂದು ಹಗಲು ಒಂದು ರಾತ್ರಿ ತೂಗುಹಾಕಿ, ಬಟ್ಟೆ ಇಳಿಯುವಷ್ಟು ಇಳಿದ ಬಳಿಕವೇ ಕೆಳಗಿನ ಅಂಚನ್ನು ಮಡಿಸಿ ಹೊಲಿಯಬೇಕು. ಛತ್ರಿಯಾಕಾರದ ಲಂಗಕ್ಕೂ ಇದೇ ನಿಯಮ. ಈ ಒಂದು ದಿನವನ್ನು ಉಳಿಸಲು ಹೋದವರ ಗೌನು ಕೂಟದ ದಿನ ಒಂದು ಕಡೆ ಜೋತು ಒಂದು ಕಡೆ ಏರಿರುತ್ತದೆ.

ಅಳತೆಯೇ ಎಲ್ಲದರ ತಾಯಿ. ಕೂಟದ ದಿನ ಯಾವ ಒಳಉಡುಪನ್ನು ಧರಿಸುವುದೋ ಅದನ್ನೇ ಧರಿಸಿ ಅಳತೆ ಕೊಡಬೇಕು. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ಕೊಟ್ಟ ಅಳತೆಯು ಊಟವಾದ ಮೇಲೆ ಸೇಡು ತೀರಿಸಿಕೊಳ್ಳುವುದು. ಎದೆ, ಸೊಂಟ, ಪೃಷ್ಠ, ಭುಜದಿಂದ ಭುಜ, ಕುತ್ತಿಗೆಯ ಹಿಂದಿನ ಮೂಳೆಯಿಂದ ಸೊಂಟ, ಕಂಕುಳ ಸುತ್ತು, ತೋಳಿನ ಉದ್ದ, ಒಟ್ಟು ಉದ್ದ ಎಂದು ಎಂಟು ಅಳತೆಗಳನ್ನು ಚೀಟಿಯಲ್ಲಿ ಬರೆದಿಡಿರಿ. ಒಟ್ಟು ಉದ್ದವನ್ನು ಅಂದು ಹಾಕುವ ಪಾದರಕ್ಷೆಯನ್ನು ಮೆಟ್ಟಿಕೊಂಡೇ ಅಳೆಯಬೇಕು. ಹಿಗ್ಗದ ಬಟ್ಟೆಯಾದರೆ ಎದೆಯ ಸುತ್ತಳತೆಗಿಂತ ಎರಡು ಮೂರು ಅಂಗುಲ ಸಡಿಲವಿರಲಿ. ಉಸಿರಾಡುವುದಕ್ಕೂ ಕೈಯೆತ್ತುವುದಕ್ಕೂ ಆ ಸಡಿಲವು ಬೇಕು. ಬೆಳೆಯುವ ಮಕ್ಕಳ ಗೌನಿನಲ್ಲಿ ಪಕ್ಕದ ಹೊಲಿಗೆಗಳ ಒಳಗೆ ಒಂದಂಗುಲ ಬಟ್ಟೆ ಬಿಡುವಂತೆ ದರ್ಜಿಗೆ ಮೊದಲೇ ಹೇಳಿರಿ. ಕಚ್ಚಾ ಹೊಲಿಗೆ ಹಾಕಿದಾಗ ಒಮ್ಮೆ ತೊಟ್ಟು ನೋಡುವುದನ್ನು ಎಂದಿಗೂ ಬಿಡಬಾರದು.

ಆಗ ಮೊದಲು ನೋಡತಕ್ಕದ್ದು ಭುಜವನ್ನು. ಗೌನಿನ ಭಾರವೆಲ್ಲ ತೂಗುವುದು ಅಲ್ಲಿಂದ. ತೋಳು ಕೂಡುವ ಹೊಲಿಗೆಯು ಭುಜದ ಮೂಳೆ ಮುಗಿಯುವಲ್ಲಿಯೇ ಕುಳಿತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಅದು ತೋಳಿನ ಮೇಲಕ್ಕೆ ಜಾರಿದ್ದರೆ ಎಷ್ಟೇ ಬೆಲೆಯ ಗೌನಾದರೂ ಅಕ್ಕನದನ್ನು ಕಡ ತಂದಂತೆ ಕಾಣುವುದು.

ಬಟ್ಟೆಯ ವಿಷಯದಲ್ಲಿ ಪೋಷಕರಿಗೆ ನಮ್ಮ ಅರಿಕೆ ಇಷ್ಟೆ: ಅಂಗಡಿಗೆ ಹೋಗುವ ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಿರಿ. ತಾಯಿಯ ಹಳೆಯ ಸೀರೆಯೊಂದರಲ್ಲಿ ಸೊಗಸಾದ ಗೌನು ಅಡಗಿದೆ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ಪಡಿತರವಿದ್ದಾಗ ಅಲ್ಲಿಯ ಹೆಂಗಸರು ಕಿಟಕಿಯ ಪರದೆಗಳನ್ನೂ ಗಂಡಸರ ಹಳೆಯ ಸೂಟುಗಳನ್ನೂ ಬಿಚ್ಚಿ ಉಡುಪು ಹೊಲಿದುಕೊಂಡರು. 1947ರಲ್ಲಿ ಮದುವೆಯಾದ ರಾಜಕುಮಾರಿ ಎಲಿಜಬೆತ್ ಕೂಡ ತಮ್ಮ ಮದುವೆಯ ಗೌನಿಗೆ ಪಡಿತರ ಚೀಟಿಗಳನ್ನೇ ಕೊಡಬೇಕಾಯಿತು.

ಸೀರೆಯಿಂದ ಗೌನು ಮಾಡುವಾಗ ಅದರ ಉದ್ದವನ್ನು ಅಡ್ಡಲಾಗಿ ತಿರುಗಿಸಿಕೊಳ್ಳಬೇಕು. ಸುಮಾರು ಎರಡೂವರೆಯಿಂದ ಮೂರು ಮೀಟರು ಲಂಗದ ಸುತ್ತಿಗೆ ಹೋಗುವುದು. ಸೀರೆಯ ಅಗಲವು ಲಂಗದ ಉದ್ದವಾಗುವುದು. ಅಂಚು ತಾನಾಗಿಯೇ ಕೆಳಗೆ ಬಂದು ಕೂರುವುದು. ಉಳಿದುದರಲ್ಲಿ ಮೇಲಂಗಿಯೂ ತೋಳುಗಳೂ ಆಗುತ್ತವೆ. ಸೆರಗಿನ ತುಂಡೊಂದನ್ನು ಸೊಂಟಪಟ್ಟಿಗೆ ಉಳಿಸಿಕೊಳ್ಳಬಹುದು. ಇಲ್ಲಿ ಒಂದು ಎಚ್ಚರಿಕೆಯುಂಟು. ಸೀರೆಯ ಅಂಚು ನೇರವಾಗಿ ನೆಯ್ದದ್ದು. ಛತ್ರಿಯಾಕಾರದ ಲಂಗದ ಕೆಳಭಾಗವು ಕಮಾನಿನಂತೆ ಬಾಗಿದ್ದು. ನೇರವು ಬಾಗಿನ ಮೇಲೆ ಕೂರದು. ಆದಕಾರಣ ಅಂಚಿರುವ ಬಟ್ಟೆಗೆ ಸೊಂಟದಲ್ಲಿ ನೆರಿಗೆ ಹಿಡಿದ ಲಂಗವೇ ಸರಿ. ಛತ್ರಿಯೇ ಬೇಕೆಂದವರು ಅಂಚಿಲ್ಲದ ಬಟ್ಟೆ ಆರಿಸಲಿ. ಹಳೆಯ ರೇಷ್ಮೆಯಾದರೆ ಕತ್ತರಿ ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿರಿ. ಬಹುಕಾಲ ಮಡಿಸಿಟ್ಟ ಗೆರೆಗಳಲ್ಲಿ ಎಳೆ ಬಿರಿದಿದ್ದರೆ ಆ ಗೆರೆಗಳನ್ನು ತಪ್ಪಿಸಿ ಕತ್ತರಿಸಬೇಕು. ಜರಿಯು ಕುತ್ತಿಗೆಯ ಬಳಿ ಚುಚ್ಚುವುದರಿಂದ ಒಳಗಡೆ ತೆಳು ಹತ್ತಿಯ ಅಸ್ತರು ಹಾಕಿಸಿರಿ. ಹೊಸ ಹತ್ತಿ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿ ಕುಗ್ಗಿಹೋಗುವುದು. ಹೊಳೆಯುವ ಸ್ಯಾಟಿನ್ನುಗಳಲ್ಲಿ ಬಹುಪಾಲು ಪಾಲಿಯೆಸ್ಟರಿನವು. ಬೆವರನ್ನು ಹೀರುವುದಿಲ್ಲ, ಕಾದ ಇಸ್ತ್ರಿ ತಗಲಿದರೆ ಕರಗುವುದೂ ಉಂಟು. ಅವಕ್ಕೆ ಒಳಮಗ್ಗುಲಿನಿಂದ, ಮೇಲೊಂದು ತೆಳುಬಟ್ಟೆ ಹಾಸಿ, ಎಳೆ ಬಿಸಿಯ ಇಸ್ತ್ರಿಯನ್ನು ಆಡಿಸಬೇಕು.

ಈಗಿನ ಕಾಲದಲ್ಲಿ ಅನೇಕರು ಮೊಬೈಲಿನಲ್ಲೇ ಸಿದ್ಧ ಉಡುಪನ್ನು ತರಿಸಿಕೊಳ್ಳುವರು. ತಪ್ಪೇನಿಲ್ಲ. ಆದರೆ ಚಿತ್ರದಲ್ಲಿ ನಿಂತ ತರುಣಿಯ ಮೈ ಬೇರೆ, ನಮ್ಮ ಮಗುವಿನ ಮೈ ಬೇರೆ. ಆ ಗೌನನ್ನು ಅವಳ ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿದಿರುವುದೂ ಉಂಟು. ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಕ್ಷರಗಳನ್ನು ನಂಬದೆ, ಅಲ್ಲಿ ಕೊಟ್ಟಿರುವ ಸೆಂಟಿಮೀಟರಿನ ಪಟ್ಟಿಯನ್ನು ಓದಿರಿ. ಮಗುವಿಗೆ ಚೆನ್ನಾಗಿ ಒಪ್ಪುವ ಒಂದು ಅಂಗಿಯನ್ನು ಮೇಜಿನ ಮೇಲೆ ಹರಡಿ ಅದರ ಅಳತೆಗಳೊಡನೆ ಹೋಲಿಸಿರಿ. ಎರಡು ಅಳತೆಗಳ ನಡುವೆ ಸಂದೇಹ ಬಂದರೆ ದೊಡ್ಡದನ್ನೇ ತರಿಸಿರಿ. ಸಿದ್ಧ ಉಡುಪಿನ ಹೊಲಿಗೆಯೊಳಗೆ ಬಿಟ್ಟಿರುವ ಬಟ್ಟೆ ಬಹು ಕಡಿಮೆಯಾದುದರಿಂದ ಒಳಕ್ಕೆ ಹಿಡಿಯಬಹುದೇ ಹೊರತು ಹೊರಕ್ಕೆ ಬಿಡಲಾಗದು. ಮುಖ್ಯವಾಗಿ, ಕೂಟಕ್ಕೆ ಹದಿನೈದು ದಿನ ಮುಂಚೆ ಅದು ಕೈಸೇರುವಂತಿರಲಿ. ಹಿಂದಿರುಗಿಸುವುದಕ್ಕಾಗಲಿ ತಿದ್ದಿಸುವುದಕ್ಕಾಗಲಿ ಆಗ ಅವಕಾಶವಿರುವುದು.

ಉಡುಪಿನ ಮೇಲಿನ ಅಲಂಕಾರಕ್ಕೆ ನಾವು ಹೇಳುವ ನಿಯಮ ಒಂದೇ: ನೋಡುವವರ ಕಣ್ಣು ಒಂದು ಕಡೆ ನಿಲ್ಲಲಿ. ಕಿವಿಯಲ್ಲಿ ಜುಮುಕಿ ತೂಗುತ್ತಿದ್ದರೆ ಕುತ್ತಿಗೆ ಬರಿದಾಗಿರಲಿ. ತೋಳು ಉಬ್ಬಿದ್ದರೆ ಕಿವಿಗೆ ಸಣ್ಣ ಮುತ್ತು ಸಾಕು. ಬಟ್ಟೆಯೇ ಹೂಹೂವಿನದಾಗಿದ್ದರೆ ಆಭರಣಕ್ಕೆ ಕೆಲಸವಿಲ್ಲ. 1926ರಲ್ಲಿ ಅಮೆರಿಕದ ವೋಗ್ ಪತ್ರಿಕೆಯು ಪ್ಯಾರಿಸಿನ ಶನೆಲ್ ಎಂಬಾಕೆಯ ಸಾದಾ ಕಪ್ಪು ಗೌನೊಂದರ ಚಿತ್ರವನ್ನು ಪ್ರಕಟಿಸಿ, ಅದನ್ನು ಎಲ್ಲರ ಕೈಗೂ ಎಟುಕುವ ಫೋರ್ಡ್ ಮೋಟಾರಿಗೆ ಹೋಲಿಸಿತು. ಸಾದಾ ಗೌನಿನ ಉಪಯೋಗವು ಅಲ್ಲಿದೆ: ಈ ಸಲ ಮುತ್ತಿನ ಸರ, ಮುಂದಿನ ಸಲ ಬಣ್ಣದ ಸೊಂಟಪಟ್ಟಿ, ಮತ್ತೊಮ್ಮೆ ಕೈಮಗ್ಗದ ಮೇಲುವಸ್ತ್ರ, ಒಂದೇ ಗೌನು ಮೂರು ಕೂಟಗಳನ್ನು ಕಾಣುವುದು. ಜಡೆಯನ್ನು ಬಿಚ್ಚಲೇಬೇಕೆಂಬ ಕಟ್ಟಳೆಯಿಲ್ಲ. ಒಪ್ಪವಾಗಿ ಹೆಣೆದ ಜಡೆಯೂ ಅದರಲ್ಲಿ ಒಂದು ತುಂಡು ಮಲ್ಲಿಗೆಯೂ ಸಾದಾ ಗೌನಿಗೆ ಬಹಳ ಚೆನ್ನಾಗಿ ಹೊಂದುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೊಸ ಪಾದರಕ್ಷೆಯನ್ನು ನಾಲ್ಕು ದಿನ ಮೊದಲೇ ಮನೆಯೊಳಗೆ ಮೆಟ್ಟಿ ನಡೆದು ಪಳಗಿಸಿರಿ. ಕಾಲು ಕಚ್ಚುತ್ತಿರುವವಳ ಮುಖದಲ್ಲಿ ಯಾವ ಅಲಂಕಾರವೂ ನಿಲ್ಲದು.

ಈಗ ಅನೇಕ ಮನೆಗಳಲ್ಲಿ ಕಣ್ಣೀರಿಗೆ ಕಾರಣವಾಗುವ ವಿಷಯಕ್ಕೆ ಬರುತ್ತೇವೆ. ಮಗಳು ಗೌನು ತೊಟ್ಟು ಹೊರಡುವ ಹೊತ್ತಿಗೆ, ಕುತ್ತಿಗೆ ಇಳಿದಿದೆ, ತೋಳಿಲ್ಲ, ತೆಳುವಾಗಿದೆಯೆಂದು ಬಾಗಿಲಲ್ಲಿ ತಕರಾರು ಹುಟ್ಟುವುದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಹಿರಿಯರು ಎತ್ತುವರು. ಗಾದೆಯಲ್ಲಿ ಅರ್ಧ ಸತ್ಯವುಂಟು. ಕೂಟಕ್ಕೆ ಹೋಗುವವರು ಕೂಟದ ಮರ್ಯಾದೆಯನ್ನು ನೋಡಬೇಕು. ಉಳಿದರ್ಧವನ್ನು ಗಾದೆ ಹೇಳಿಲ್ಲ: ತೊಟ್ಟವಳಿಗೆ ತನ್ನ ಉಡುಪಿನಲ್ಲಿ ನೆಮ್ಮದಿಯಿರಬೇಕು. ಈ ಮಾತನ್ನು ಬಟ್ಟೆ ಕೊಳ್ಳುವ ದಿನವೇ ತಾಯಿಮಗಳು ಕುಳಿತು ಆಡಿಕೊಂಡರೆ ಬಾಗಿಲಲ್ಲಿ ಆಡಬೇಕಾಗುವುದಿಲ್ಲ. ತೋಳು ಗಿಡ್ಡವಾಗಿದ್ದರೆ ಅದೇ ಬಣ್ಣದ ಜಾಲರಿಯ ತೋಳು ಕೂಡಿಸಬಹುದು. ಕುತ್ತಿಗೆ ಇಳಿದಿದ್ದರೆ ಒಳಗಿನಿಂದ ಪಟ್ಟಿ ಕೊಟ್ಟು ಏರಿಸಬಹುದು. ಬಟ್ಟೆ ತೆಳುವಾಗಿದ್ದರೆ ಒಳಗೊಂದು ಶಮೀಜು ಧರಿಸಬಹುದು. ಇವೆಲ್ಲ ಅರ್ಧ ದಿನದ ಹೊಲಿಗೆ. ಆದರೆ ಹೊರಡುವ ಗಳಿಗೆಯಲ್ಲಿ ಆಡಿದ ಕಟುಮಾತನ್ನು ಯಾವ ಹೊಲಿಗೆಯೂ ಸೇರಿಸಲಾರದು.

ಸಂದೇಹವಿದ್ದಲ್ಲಿ ಒಂದು ಪರೀಕ್ಷೆಯನ್ನು ಹೇಳುತ್ತೇವೆ. ಕೂಟಕ್ಕೆ ಒಂದು ವಾರ ಮುಂಚೆ, ಪಾದರಕ್ಷೆ ಸಹಿತ ಪೂರ್ಣ ಉಡುಪನ್ನು ಧರಿಸಿ ಕನ್ನಡಿಯ ಮುಂದೆ ನಾಲ್ಕು ಕೆಲಸ ಮಾಡಲಿ. ಎರಡು ಕೈಗಳನ್ನೂ ಮೇಲೆತ್ತಲಿ. ಬಿದ್ದ ಕರವಸ್ತ್ರವನ್ನು ಎತ್ತುವಂತೆ ಬಗ್ಗಲಿ. ಕುರ್ಚಿಯ ಮೇಲೆ ಕೂತೇಳಲಿ. ನಾಲ್ಕು ಮೆಟ್ಟಲು ಹತ್ತಿ ಇಳಿಯಲಿ. ಈ ನಾಲ್ಕರಲ್ಲಿ ಕೈಯು ಉಡುಪನ್ನು ಎಳೆದುಕೊಳ್ಳುವುದಕ್ಕೆ ಎಲ್ಲಿಗೆ ಹೋಗುವುದೆಂದು ತಾಯಿ ಪಕ್ಕದಲ್ಲಿ ನಿಂತು ನೋಡಲಿ. ಕೈ ಹೋದ ಜಾಗದಲ್ಲಿ ಹೊಲಿಗೆಯ ಕೆಲಸ ಬಾಕಿಯಿದೆಯೆಂದು ತಿಳಿಯಬೇಕು. ಕೈ ಎಲ್ಲಿಗೂ ಹೋಗದಿದ್ದರೆ ಉಡುಪು ಸಿದ್ಧವಾಯಿತು; ಹುಡುಗಿ ಇನ್ನು ಅದನ್ನು ಮರೆತು ಗೆಳತಿಯರೊಡನೆ ನಗಬಹುದು. ಕೂಟಕ್ಕೆ ಹೋಗುವುದೂ ಅದಕ್ಕಾಗಿಯೇ ತಾನೇ? ಅಂದು ಕೈಚೀಲದಲ್ಲಿ ಎರಡು ಪಿನ್ನು, ಸೂಜಿದಾರ, ಕರವಸ್ತ್ರ ಇವಿಷ್ಟು ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಪೋಷಕರಿಗೆ ನಾವು ಬೋಧಿಸಬೇಕಾದ ಅಗತ್ಯವಿಲ್ಲ; ಅದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಚಾಚುವಂತೆ ಬಲವಂತ ಮಾಡಿದ್ದು ನಾವು. ಆದುದರಿಂದ ಈ ವರ್ಷದಿಂದ ಶಾಲೆಯಲ್ಲಿ ಮೂರು ಏರ್ಪಾಡುಗಳನ್ನು ಮಾಡಿದ್ದೇವೆ. ಒಂದನೆಯದಾಗಿ, ಬೀಳ್ಕೊಡುಗೆಯ ಸೂಚನೆಯು ಒಂದು ತಿಂಗಳು ಮೊದಲೇ ಹೊರಡುವುದು. ಅದರಲ್ಲಿ ಗೌನು, ಸೀರೆ, ಲಂಗದಾವಣಿ, ಸಮವಸ್ತ್ರ ಇವುಗಳಲ್ಲಿ ಯಾವುದಾದರೂ ಆಗಬಹುದೆಂದು ಸ್ಪಷ್ಟವಾಗಿ ಬರೆದಿರುವುದು. ಎರಡನೆಯದಾಗಿ, ಆ ತಿಂಗಳ ನಾಲ್ಕು ಶನಿವಾರಗಳ ಮಧ್ಯಾಹ್ನ ಹೊಲಿಗೆಯ ಕೋಣೆ ತೆರೆದಿರುವುದು, ತಾಯಂದಿರೂ ಬರಬಹುದು. ಮೂರನೆಯದಾಗಿ, ಆ ಕೋಣೆಯಲ್ಲಿ ಒಂದು ಬೀರುವನ್ನು ಗೌನುಗಳಿಗಾಗಿ ತೆರವು ಮಾಡಿಸಿದ್ದೇವೆ.

ಆ ಬೀರುವನ್ನು ತುಂಬುವ ಕೆಲಸವು ಹಳೆಯ ವಿದ್ಯಾರ್ಥಿನಿಯರಾದ ನಿಮ್ಮದು. ಒಮ್ಮೆ ತೊಟ್ಟು ಮಡಿಸಿಟ್ಟ ಗೌನುಗಳು ನಿಮ್ಮಲ್ಲಿ ಹಲವರ ಮನೆಗಳಲ್ಲಿ ಇರಬೇಕು. ಒಗೆದು, ಇಸ್ತ್ರಿ ಮಾಡಿ, ಗುಂಡಿ ಕೊಕ್ಕೆಗಳನ್ನು ಸರಿಪಡಿಸಿ ಕಳುಹಿಸಿಕೊಡಿರಿ. ಹೊಸದನ್ನು ಕೊಂಡು ಕಳುಹಿಸಬೇಡಿರಿ. ಪ್ರತಿ ಗೌನಿಗೂ ಅದರ ಅಳತೆಯ ಚೀಟಿ ಮಾತ್ರ ಇರುವುದು. ಕೊಟ್ಟವರ ಹೆಸರಾಗಲಿ ತೊಟ್ಟವರ ಹೆಸರಾಗಲಿ ಎಲ್ಲಿಯೂ ಬರೆಯಲ್ಪಡುವುದಿಲ್ಲ. ಯಾರ ಉಡುಪು ಬೀರುವಿನಿಂದ ಬಂದದ್ದು, ಯಾರದು ಅಂಗಡಿಯಿಂದ ಬಂದದ್ದೆಂಬುದು ಕೂಟದಲ್ಲಿ ಒಬ್ಬರಿಗೂ ತಿಳಿಯಬಾರದೆಂಬುದು ನಮ್ಮ ಆಶೆ. ಅಳತೆ ಸರಿಯಾಗಿದ್ದರೆ ತಿಳಿಯುವುದೂ ಇಲ್ಲ.

ಆ ಹುಡುಗಿಯ ವಿಷಯ ಉಳಿಯಿತು. ಗೌನನ್ನು ತೆಗೆದುಕೊಂಡು ಬಾರೆಂದು ಹೇಳಿದೆವು. ಮರುದಿನ ಕಾಗದದಲ್ಲಿ ಸುತ್ತಿ ತಂದಳು. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಭುಜದ ಹೊಲಿಗೆ ಬಿಚ್ಚಿ ಒಂದಂಗುಲ ಒಳಕ್ಕೆ ಹಿಡಿದರು. ಪಕ್ಕಗಳನ್ನು ಸ್ವಲ್ಪ ಕಿರಿದು ಮಾಡಿದರು. ಕೆಳಗಿನಿಂದ ನಾಲ್ಕಂಗುಲ ಕತ್ತರಿಸಿ ಆ ತುಂಡಿನಲ್ಲಿಯೇ ಸೊಂಟಕ್ಕೊಂದು ಪಟ್ಟಿ ಮಾಡಿದರು. ಒಟ್ಟು ಒಂದೂವರೆ ಗಂಟೆಯ ಕೆಲಸ. ತೊಟ್ಟುಕೊಂಡು ಕಿಟಕಿಯ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು. ತಿರುಗಿ ಇನ್ನೊಂದು ಮಗ್ಗುಲಿನಿಂದಲೂ ನೋಡಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿ, "ಇಷ್ಟೇನಾ, ಟೀಚರ್?" ಎಂದು ಕೇಳಿದಳು.

ಇಷ್ಟೇ ಆಗಿತ್ತು. ಅಷ್ಟು ಸಣ್ಣ ಕೆಲಸಕ್ಕಾಗಿ ಒಂದು ಮಗು ತನ್ನ ಕಡೆಯ ಸಂತೋಷಕೂಟವನ್ನು ಕಳೆದುಕೊಂಡಿತ್ತು. ನಮಗೆ ಉತ್ತರ ತೋಚಲಿಲ್ಲ. ಬೇಸಗೆಯಲ್ಲಿ ಅಂಕಪಟ್ಟಿ ತೆಗೆದುಕೊಳ್ಳಲು ಅವಳು ಬಂದಾಗ ಅದೇ ಗೌನನ್ನು ತೊಟ್ಟಿದ್ದಳು. ತಂದೆಯವರೂ ಜೊತೆಗಿದ್ದರು. ಅಂಕಗಳನ್ನು ನೋಡುವ ಮುಂಚೆ ಅವರು ಮಗಳ ಭುಜದ ಹೊಲಿಗೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, "ಚೆನ್ನಾಗಿ ಕೂತಿದೆ" ಎಂದರು.

ಬೀರುವಿನ ಬೀಗದ ಕೈ ನಮ್ಮ ಹತ್ತಿರ ಉಂಟು. ನಿಮ್ಮ ಗೌನುಗಳ ದಾರಿ ಕಾಯುತ್ತಿರುವೆವು.

ಮುಖ್ಯೋಪಾಧ್ಯಾಯಿನಿ